ಲಿಫ್ಟಿನಲ್ಲಿ ಹಿಡಿಯದ ಸ್ಟ್ರೆಚರ್: ಉಡುಪಿಯ ಒಂದು ಡೆಂಟಲ್ ಕ್ಲಿನಿಕ್ಕಿನ ಪ್ರಕರಣ

ಹುಡುಗನಿಗೆ ನಾಲ್ಕೂವರೆ ವರ್ಷ. ತೂಕ 15 ಕೆಜಿ. 20 ಹಾಲು ಹಲ್ಲುಗಳಲ್ಲಿ 9 ಹುಳುಕು. ಕೆಳಗಿನ ಬಲಬದಿಯ ಒಂದು ದವಡೆ ಹಲ್ಲಿನ ಬುಡದಲ್ಲಿ ಕೀವು ತುಂಬಿ ಒಸಡು ಊದಿತ್ತು. ರಾತ್ರಿ ನಿದ್ದೆ ಇಲ್ಲ, ಊಟ ಅಂದರೆ ಗಂಜಿ ಮತ್ತು ಮೆತ್ತಗಿನ ಇಡ್ಲಿ ಮಾತ್ರ, ಅದನ್ನೂ ಒಂದೇ ಬದಿಯಲ್ಲಿ ಜಗಿಯುತ್ತಾನೆ ಎಂದರು ತಾಯಿ.

ನನ್ನದು ಉಡುಪಿಯಲ್ಲಿ ಮಕ್ಕಳ ಹಲ್ಲಿನ ಕ್ಲಿನಿಕ್. ಎರಡನೇ ಮಾಳಿಗೆ, ಒಂದು ಕುರ್ಚಿ, ಇಬ್ಬರು ಸಹಾಯಕಿಯರು. ಗೋಡೆಯ ಮೇಲೆ ಯಕ್ಷಗಾನದ ಕಿರೀಟ ಹಾಕಿಕೊಂಡ ಒಂದು ಹಲ್ಲಿನ ಚಿತ್ರ. ಮಕ್ಕಳು ಅದನ್ನು ನೋಡಿ ನಗುತ್ತಾರೆ. ಈ ಹುಡುಗ ನಗಲಿಲ್ಲ. ಬಾಗಿಲಲ್ಲೇ ಅಜ್ಜಿಯ ಸೆರಗು ಹಿಡಿದು ಕೂತ. ಮನೆಯವರ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಮೂರು ಸಲ ಕರೆಸಿ ನೋಡಿದೆ. ಮೊದಲ ಸಲ ಕುರ್ಚಿ ಹತ್ತಿಸಿ ಇಳಿಸಿದ್ದಷ್ಟೇ. ಎರಡನೇ ಸಲ ಕನ್ನಡಿ ಬಾಯೊಳಗೆ ಹೋಯಿತು, ಬೆರಳು ಕಚ್ಚಿಸಿಕೊಂಡೆ. ಮೂರನೇ ಸಲ ಮೂಗಿಗೆ ನೈಟ್ರಸ್ ಆಕ್ಸೈಡ್ ಮಾಸ್ಕ್ ಇಟ್ಟೆವು. ನಗೆ ಅನಿಲ ಅನ್ನುತ್ತಾರಲ್ಲ, ಅದು. ಹೆಸರಿಗೆ ಒಳ್ಳೆಯದೇ. ಆದರೆ ಮಗು ಮೂಗಿನಲ್ಲಿ ಉಸಿರಾಡಿದರೆ ಮಾತ್ರ ಕೆಲಸ ಮಾಡುತ್ತದೆ. ಬಾಯಿ ಬಿಟ್ಟು ಅಳುವ ಮಗುವಿಗೆ ಅದರಿಂದ ಏನೂ ಆಗುವುದಿಲ್ಲ.

ತಂದೆ ಗಲ್ಫಿನಿಂದ ರಜೆಯಲ್ಲಿ ಬಂದಿದ್ದರು. ವಾಪಸು ಹೋಗಲು ಇನ್ನು 12 ದಿನ. "ಒಂದೇ ಸಲ ನಿದ್ದೆ ಮಾಡಿಸಿ ಎಲ್ಲ ಮುಗಿಸಿಬಿಡಿ ಡಾಕ್ಟ್ರೇ, ನಾನಿರುವಾಗಲೇ ಆಗಲಿ" ಎಂದರು.

ಈ "ನಿದ್ದೆ" ಎಂಬ ಮಾತನ್ನು ನಾವು ಡಾಕ್ಟರುಗಳೇ ಕಲಿಸಿದ್ದು. ಮನೆಯವರು ಹೆದರಬಾರದು ಎಂದು ಹೇಳುತ್ತೇವೆ. ಆದರೆ ಜನರಲ್ ಅನಸ್ತೇಷಿಯಾ ನಿದ್ದೆಯಲ್ಲ. ನಿದ್ದೆ ಹೋದ ಮಗುವಿನ ಮೂಗು ಕಟ್ಟಿದರೆ ಅದು ತಾನಾಗಿ ಮಗ್ಗುಲು ಬದಲಿಸುತ್ತದೆ. ಗಂಟಲಿಗೆ ಎಂಜಲು ಇಳಿದರೆ ಕೆಮ್ಮುತ್ತದೆ. ಅರಿವಳಿಕೆಯಲ್ಲಿ ಇದೆರಡೂ ಇಲ್ಲ. ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿ ಮುಚ್ಚಿದರೂ ಮಗುವಿಗೆ ಗೊತ್ತಾಗುವುದಿಲ್ಲ. ಆ ಹೊತ್ತಿಗೆ ಮಗುವಿನ ಉಸಿರು ಬೇರೆಯವರ ಕೈಯಲ್ಲಿರುತ್ತದೆ.

ಆದರೂ ನಾನು ಸರಿ ಎಂದೆ. ಬಾಯಿಯ ಸ್ಥಿತಿ ಹಾಗಿತ್ತು. ಒಂಬತ್ತು ಹಲ್ಲಿಗೆ ಆರೇಳು ಸಲ ಕೈಕಾಲು ಹಿಡಿದು ಕೆಲಸ ಮಾಡಿದರೆ ಆ ಹುಡುಗ ಮುಂದೆ ಜನ್ಮದಲ್ಲಿ ಡೆಂಟಿಸ್ಟ್ ಹತ್ತಿರ ಸುಳಿಯುವುದಿಲ್ಲ. ಜನರಲ್ ಅನಸ್ತೇಷಿಯಾ ಬೇಕಾದ ಮಗುವೇ ಹೌದು. ಈ ತೀರ್ಮಾನ ಸರಿ ಎಂದು ಈಗಲೂ ನನ್ನ ನಂಬಿಕೆ. ನಾನು ಎಡವಿದ್ದು ಜಾಗದ ವಿಷಯದಲ್ಲಿ.

ಆಸ್ಪತ್ರೆಯಲ್ಲಿ ವಿಚಾರಿಸಿದರೆ ಮೂರು ವಾರ ಕಾಯಬೇಕು ಎಂದರು. ಖರ್ಚೂ ಜಾಸ್ತಿ. ನನ್ನ ಕ್ಲಿನಿಕ್ಕಿಗೇ ಅನಸ್ತೇಷಿಯಾ ಡಾಕ್ಟರನ್ನು ಕರೆಸಿದರೆ ಶನಿವಾರವೇ ಮುಗಿಯುತ್ತದೆ. ಪರಿಚಯದ ಒಬ್ಬರಿಗೆ ಫೋನ್ ಮಾಡಿದೆ. ಹಿರಿಯರು, ಮಾತು ಕಡಿಮೆ. "ಕೇಸ್ ಆಮೇಲೆ. ಮೊದಲು ಜಾಗ ನೋಡುವ" ಎಂದರು.

ಗುರುವಾರ ಸಂಜೆ ಬಂದರು. ನಾನು ಚಹಾ ತರಿಸಿದೆ. ಅವರು ಚಹಾ ಮುಟ್ಟದೆ ಲಿಫ್ಟಿನ ಬಾಗಿಲಲ್ಲಿ ನಿಂತು ಕೈಯಗಲದಿಂದ ಅಳೆಯುತ್ತಿದ್ದರು. ನಾಲ್ಕು ಜನ ಹಿಡಿಸುವ ಲಿಫ್ಟ್. "ಇದರಲ್ಲಿ ಸ್ಟ್ರೆಚರ್ ಮಲಗಿಸ್ಲಿಕ್ಕೆ ಆಗುದಿಲ್ಲ. ಉಸಿರಿಗೆ ಟ್ಯೂಬ್ ಹಾಕಿದ ಮಗುವನ್ನು ಕೆಳಗೆ ತರುದು ಹೇಗೆ?" ಎತ್ತಿಕೊಂಡು ಇಳಿಯಬಹುದು, 15 ಕೆಜಿ ತಾನೆ ಎಂದೆ. "ಎತ್ತಿಕೊಂಡವರು ಉಸಿರು ಕೊಡುವ ಬ್ಯಾಗ್ ಒತ್ತುದು ಯಾವ ಕೈಯಲ್ಲಿ?" ಎಂದು ಕೇಳಿ ಮೆಟ್ಟಿಲಿನ ತಿರುವು ನೋಡಲು ಹೋದರು. ನನಗೆ ಆಗಲೇ ಸ್ವಲ್ಪ ಸಿಟ್ಟು ಬಂದಿತ್ತು. ಶನಿವಾರ ಹಲ್ಲು ಕೀಳಬೇಕಾದ ಮಗುವನ್ನು ಇವರು ಗುರುವಾರವೇ ಸ್ಟ್ರೆಚರಿನಲ್ಲಿ ಮಲಗಿಸಿದರಲ್ಲ ಎಂದು.

ಒಳಗೆ ಬಂದು ಆಕ್ಸಿಜನ್ ಎಲ್ಲಿ ಎಂದು ಕೇಳಿದರು. ಮೂಲೆಯಲ್ಲಿ ಕಪ್ಪು ಮೈ, ಬಿಳಿ ಭುಜದ ಬಿ ಟೈಪ್ ಸಿಲಿಂಡರ್ ಇತ್ತು. ತೆರೆಯಿರಿ ಎಂದರು. ಕೀಲಿ ಸಿಗಲಿಲ್ಲ. ಸಹಾಯಕಿ ಎರಡು ಡ್ರಾಯರ್ ಹುಡುಕಿ, ಕೊನೆಗೆ ಕ್ಯಾಲೆಂಡರಿನ ಹಿಂದಿನ ಮೊಳೆಯಿಂದ ತಂದು ಕೊಟ್ಟಳು. ಅವರು ಗಡಿಯಾರ ನೋಡಿಕೊಂಡಿದ್ದರು. ಒಂದು ನಿಮಿಷ 50 ಸೆಕೆಂಡು. ಗೇಜಿನ ಮುಳ್ಳು ಮೂರನೇ ಒಂದು ಭಾಗದಲ್ಲಿತ್ತು. ತುಂಬಿದ ಬಿ ಟೈಪಿನಲ್ಲಿ ಸುಮಾರು 1500 ಲೀಟರ್. ಮೂರನೇ ಒಂದು ಅಂದರೆ 500. ನಿಮಿಷಕ್ಕೆ 10 ಲೀಟರಿನ ಲೆಕ್ಕದಲ್ಲಿ 50 ನಿಮಿಷ. ಎರಡನೇ ಸಿಲಿಂಡರ್ ಇರಲಿಲ್ಲ. ಪಕ್ಕದಲ್ಲಿ ತೂಗುಹಾಕಿದ್ದ ಬ್ಯಾಗ್ ಮತ್ತು ಮಾಸ್ಕ್ ದೊಡ್ಡವರದ್ದು. ಆ ಮಾಸ್ಕನ್ನು ತನ್ನ ಮುಖಕ್ಕೆ ಹಿಡಿದು ತೋರಿಸಿದರು. ಗಲ್ಲದವರೆಗೆ ಸರಿಯಾಗಿ ಕೂತಿತು. ಮಕ್ಕಳ ಕ್ಲಿನಿಕ್ಕಿನಲ್ಲಿ ಮಕ್ಕಳ ಮುಖಕ್ಕೆ ಹೊಂದುವ ಮಾಸ್ಕ್ ಇಲ್ಲ. ಅವರು ಏನೂ ಹೇಳಲಿಲ್ಲ, ಅದು ಇನ್ನೂ ಕಷ್ಟವಾಯಿತು.

ಆಮೇಲೆ ಒಂದು ಕೆಲಸ ಮಾಡಿದರು, ನಾನು ಮರೆಯುವುದಿಲ್ಲ. ಮೇನ್ ಸ್ವಿಚ್ ಎಲ್ಲಿ ಎಂದು ಕೇಳಿ, ಹೋಗಿ ಆಫ್ ಮಾಡಿದರು. ಇನ್ವರ್ಟರ್ ಇದೆ ಎಂಬ ಧೈರ್ಯ ನನಗೆ. ದೀಪ ಉರಿಯಿತು, ಫ್ಯಾನ್ ತಿರುಗಿತು, ಕಂಪ್ಯೂಟರ್ ಕೂಡ ಆಫ್ ಆಗಲಿಲ್ಲ. "ಸಕ್ಷನ್ ಹಾಕಿ" ಎಂದರು. ಸಕ್ಷನ್ ಮೋಟಾರಿಗೆ ಇನ್ವರ್ಟರ್ ಲೈನ್ ಕೊಟ್ಟಿರಲಿಲ್ಲ. ಬಾಯಿಂದ ರಕ್ತ, ನೀರು, ಎಂಜಲು ಎಳೆಯುವ ಪೈಪು ಸುಮ್ಮನೆ ನೇತಾಡಿತು. ಎಚ್ಚರವಿರುವ ಮಗು ಆಗ ಉಗುಳುತ್ತದೆ. ಅರಿವಿಲ್ಲದ ಮಗುವಿಗೆ ಅದೆಲ್ಲ ಶ್ವಾಸಕೋಶಕ್ಕೇ ಇಳಿಯುವುದು. ನಮ್ಮ ಮಳೆಗಾಲದಲ್ಲಿ ಕರೆಂಟ್ ಹೋಗುವುದು ಅಪರೂಪವೇನಲ್ಲ. ಗಾಳಿ ಎದ್ದರೆ ಸಾಕು, ಎಲ್ಲೋ ಒಂದು ಮರದ ಗೆಲ್ಲು ತಂತಿಯ ಮೇಲೆ ಬೀಳುತ್ತದೆ.

ಪಟ್ಟಿ ಅಲ್ಲಿಗೇ ಮುಗಿಯಲಿಲ್ಲ. ತುರ್ತು ಔಷಧದ ಟ್ರೇಯಲ್ಲಿ ಅಡ್ರಿನಲಿನ್ ಇತ್ತು, ಅವಧಿ ಮುಗಿದು ಎರಡು ತಿಂಗಳಾಗಿತ್ತು. ಮಾನಿಟರ್ ಅಂದರೆ ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಒಂದೇ. ಕ್ಯಾಪ್ನೋಗ್ರಾಫ್ ಇಲ್ಲ. ಲಯ ತಪ್ಪಿದ ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಇಲ್ಲ. ಕೆಲಸ ಮುಗಿದ ಮೇಲೆ ಮಗುವನ್ನು ಎಲ್ಲಿ ಮಲಗಿಸುತ್ತೀರಿ ಎಂದು ಕೇಳಿದರು. ಹೊರಗಿನ ಸೋಫಾ ತೋರಿಸಿದೆ. ಯಾರು ನೋಡುತ್ತಾರೆ? ತಾಯಿ ಇರುತ್ತಾರಲ್ಲ, ರಿಸೆಪ್ಷನಿನ ಹುಡುಗಿಯೂ ಇರುತ್ತಾಳೆ ಎಂದೆ. ಹೇಳುವಾಗಲೇ ನನಗೇ ನಾಚಿಕೆಯಾಯಿತು.

ಕ್ಯಾಪ್ನೋಗ್ರಾಫ್ ಬಗ್ಗೆ ಸ್ವಲ್ಪ ಹೇಳಬೇಕು. ಓದುವವರಲ್ಲಿ ಡೆಂಟಿಸ್ಟರೂ ಇರಬಹುದು, ನನ್ನ ಹಾಗೆ ಅದನ್ನು ಐಷಾರಾಮದ ಯಂತ್ರ ಎಂದುಕೊಂಡವರೂ ಇರಬಹುದು. ಪಲ್ಸ್ ಆಕ್ಸಿಮೀಟರ್ ತೋರಿಸುವುದು ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು. ಉಸಿರು ನಿಂತ ಕೂಡಲೇ ಅದು ಇಳಿಯುವುದಿಲ್ಲ. ಮಗುವಿಗೆ ಆಕ್ಸಿಜನ್ ಕೊಡುತ್ತಿದ್ದರೆ ಇನ್ನೂ ತಡ. ಕ್ಯಾಪ್ನೋಗ್ರಾಫ್ ಪ್ರತಿ ಉಸಿರಿನಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡನ್ನು ಅಲೆಯಾಗಿ ತೋರಿಸುತ್ತದೆ. ಉಸಿರು ನಿಂತರೆ ಅಲೆಯೂ ನಿಂತಿತು, ಅದೇ ಕ್ಷಣ. ಮಕ್ಕಳಲ್ಲಿ ಈ ವ್ಯತ್ಯಾಸ ದೊಡ್ಡದು. ದೇಹದ ತೂಕದ ಲೆಕ್ಕದಲ್ಲಿ ಮಗು ದೊಡ್ಡವರಿಗಿಂತ ಬಹಳ ಜಾಸ್ತಿ ಆಕ್ಸಿಜನ್ ಬಳಸುತ್ತದೆ, ಶ್ವಾಸಕೋಶದಲ್ಲಿ ದಾಸ್ತಾನು ಕಡಿಮೆ. ಸಂಖ್ಯೆ ಇಳಿಯಲು ಶುರುವಾದ ಮೇಲೆ ಜಾರುಬಂಡೆ.

ನಾನು ಸೋಲೊಪ್ಪಲಿಲ್ಲ. "ಅರಿವಳಿಕೆ ಶುರುಮಾಡಿದ್ದೇ ನಮ್ಮವರು ಸರ್" ಎಂದೆ. ಸುಳ್ಳಲ್ಲ. 1844ರಲ್ಲಿ ಅಮೆರಿಕದ ಹಾರ್ಟ್‌ಫರ್ಡಿನಲ್ಲಿ ನೈಟ್ರಸ್ ಆಕ್ಸೈಡ್ ಉಸಿರಿನಲ್ಲಿ ಎಳೆದುಕೊಂಡು ತನ್ನದೇ ಹಲ್ಲು ಕೀಳಿಸಿಕೊಂಡ ಹೊರೇಸ್ ವೆಲ್ಸ್ ಡೆಂಟಿಸ್ಟ್. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಎಲ್ಲರೆದುರು ಈಥರ್ ಕೊಟ್ಟು ತೋರಿಸಿದ ವಿಲಿಯಂ ಮಾರ್ಟನ್ ಕೂಡ ಡೆಂಟಿಸ್ಟ್. ಅವರು ತಣ್ಣಗಾದ ಚಹಾ ಎತ್ತಿಕೊಂಡು, "ಹೌದು. ಆಗ ಮಾನಿಟರ್ ಇರಲಿಲ್ಲ, ಈಗ ಉಂಟು. ನಿಮ್ಮಲ್ಲಿ ಇಲ್ಲ ಅಷ್ಟೆ" ಎಂದರು.

ಕೊನೆಯ ಬಾಣ ಬಿಟ್ಟೆ. ಜನರಲ್ ಬೇಡ, ಬರೀ ಸೆಡೇಶನ್ ಮಾಡುವ. ಮಿಡಜೋಲಾಮ್ ಕುಡಿಸಿ ಮಂಪರು ಬಂದಾಗ ಕೆಲಸ ಮುಗಿಸುವ. ಇಲ್ಲಿ ಅವರು ಕುರ್ಚಿ ಎಳೆದು ಕೂತರು. ಸೆಡೇಶನ್ ಅನ್ನುವುದು ಮಾಳಿಗೆಯ ಮೆಟ್ಟಿಲಲ್ಲ, ಕಡಲ ತೀರದ ಇಳಿಜಾರು ಎಂದರು. ಮಲ್ಪೆಯಲ್ಲಿ ಮೊಣಕಾಲು ನೀರಿನಲ್ಲಿ ನಿಂತವನಿಗೆ ಸೊಂಟದಾಳ ಎಲ್ಲಿ ಶುರು ಎಂದು ಗೆರೆ ಹಾಕಿರುವುದಿಲ್ಲ. ಒಂದೇ ಡೋಸು ಒಂದು ಮಗುವಿಗೆ ತೂಕಡಿಕೆ ತರುತ್ತದೆ, ಇನ್ನೊಂದನ್ನು ಪೂರ್ತಿ ಮುಳುಗಿಸುತ್ತದೆ. ಹಾಗಾಗಿ ನಿಯಮ ಇಷ್ಟೇ: ಯಾವ ಆಳಕ್ಕೆ ಇಳಿಸಬೇಕೆಂದಿದ್ದೀರೋ ಅದಕ್ಕಿಂತ ಒಂದು ಹಂತ ಕೆಳಗೆ ಹೋದ ಮಗುವನ್ನು ಮೇಲೆತ್ತುವ ತಾಕತ್ತು ನಿಮ್ಮಲ್ಲಿರಬೇಕು. ಅದಿಲ್ಲದಿದ್ದರೆ "ಬರೀ ಸೆಡೇಶನ್" ಎಂಬುದಿಲ್ಲ.

ಮಗು ಗೊರಕೆ ಹೊಡೆಯುತ್ತದಾ ಎಂದು ಹೋಗುವಾಗ ಕೇಳಿದರು. ನಾನು ಕೇಳಿರಲಿಲ್ಲ. ಫೋನ್ ಮಾಡಿದರೆ, "ಹೌದು, ಅಪ್ಪನ ಹಾಗೆಯೇ" ಎಂದು ತಾಯಿ ನಕ್ಕರು. ಮಾರನೇ ದಿನ ಗಂಟಲು ನೋಡಿದಾಗ ಟಾನ್ಸಿಲ್ ದಪ್ಪಗಿತ್ತು. ಬೇರೆ ಕಾಯಿಲೆ ಇಲ್ಲದ ಗಟ್ಟಿಮುಟ್ಟಾದ ಹುಡುಗನೇ. ಆದರೆ ಟಾನ್ಸಿಲ್ ದಪ್ಪ ಇದ್ದರೆ ಮಂಪರಿನಲ್ಲೂ ಉಸಿರಿನ ದಾರಿ ಬೇಗ ಕಟ್ಟುತ್ತದೆ. ಶನಿವಾರದ ಕೇಸ್ ಅಲ್ಲಿಗೆ ರದ್ದಾಯಿತು.

ಆ ರಾತ್ರಿ ಸಿಟ್ಟಿನಲ್ಲೇ ನಿಯಮಗಳನ್ನು ಓದಲು ಕೂತೆ. ಇವರು ಹೇಳಿದ್ದು ಜಾಸ್ತಿಯಾಯಿತು ಎಂದು ಎಲ್ಲಾದರೂ ಸಿಗಬಹುದು ಎಂಬ ಆಸೆ.

ಸಿಕ್ಕಿದ್ದು ಬೇರೆ. ಬ್ರಿಟನ್ನಿನಲ್ಲಿ ಒಂದು ಕಾಲಕ್ಕೆ ಬೀದಿಬದಿಯ ಡೆಂಟಲ್ ಕ್ಲಿನಿಕ್ಕುಗಳಲ್ಲೇ ಗ್ಯಾಸ್ ಕೊಟ್ಟು ಹಲ್ಲು ಕೀಳುತ್ತಿದ್ದರು. ಸಾವುಗಳಾದವು, ಅದರಲ್ಲಿ ಮಕ್ಕಳೂ ಇದ್ದರು. 2001ರ ಕೊನೆಗೆ ಅದನ್ನು ಪೂರ್ತಿ ನಿಲ್ಲಿಸಿದರು. ಈಗ ಅಲ್ಲಿ ಹಲ್ಲಿಗಾಗಿ ಜನರಲ್ ಅನಸ್ತೇಷಿಯಾ ಅಂದರೆ ತೀವ್ರ ನಿಗಾ ಸೌಲಭ್ಯವಿರುವ ಆಸ್ಪತ್ರೆಯಲ್ಲಿ ಮಾತ್ರ. ಅಮೆರಿಕದ ದಾರಿ ಬೇರೆ. ಅಲ್ಲಿ ಕ್ಲಿನಿಕ್ಕಿನಲ್ಲಿ ಮಾಡಬಹುದು, ಆದರೆ ರಾಜ್ಯಗಳು ಅದಕ್ಕೆಂದೇ ಪ್ರತ್ಯೇಕ ಪರ್ಮಿಟ್ ಕೇಳುತ್ತವೆ. 2015ರಲ್ಲಿ ಕ್ಯಾಲಿಫೋರ್ನಿಯಾದ ಕ್ಲಿನಿಕ್ ಒಂದರಲ್ಲಿ ಆರು ವರ್ಷದ ಹುಡುಗನೊಬ್ಬ ಹಲ್ಲು ತೆಗೆಸಿಕೊಳ್ಳುವಾಗ ತೀರಿಕೊಂಡ. ಸರ್ಜರಿ ಮತ್ತು ಅರಿವಳಿಕೆ ಎರಡನ್ನೂ ನೋಡಿಕೊಂಡದ್ದು ಒಬ್ಬರೇ ಡಾಕ್ಟರು. ಆ ಮನೆಯವರು ಹಟ ಹಿಡಿದು ಹೋರಾಡಿ ಕಾನೂನು ಬದಲಾಗುವ ಹಾಗೆ ಮಾಡಿದರು. ಅಮೆರಿಕದ ಮಕ್ಕಳ ವೈದ್ಯರ ಮತ್ತು ಮಕ್ಕಳ ದಂತವೈದ್ಯರ ಸಂಘಗಳು 2019ರಲ್ಲಿ ತಮ್ಮ ಜಂಟಿ ಮಾರ್ಗಸೂಚಿಯನ್ನು ತಿದ್ದಿ ಬರೆದವು. ಹಲ್ಲಿನ ಕೆಲಸ ಮಾಡುವವರು ಒಬ್ಬರು, ಅರಿವಳಿಕೆ ಕೊಟ್ಟು ಮಗುವನ್ನಷ್ಟೇ ನೋಡಿಕೊಳ್ಳುವವರು ಇನ್ನೊಬ್ಬರು. ಇಬ್ಬರಿಗೂ ಮಕ್ಕಳ ಜೀವ ಉಳಿಸುವ ತರಬೇತಿ ಕಡ್ಡಾಯ.

ನಮ್ಮಲ್ಲಿ? ಕರ್ನಾಟಕದಲ್ಲಿ ಡೆಂಟಲ್ ಕ್ಲಿನಿಕ್ ನಡೆಸಲು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಬೇಕು. ಕೆಪಿಎಂಇ ಅನ್ನುತ್ತೇವಲ್ಲ, ಅದೇ. ನನ್ನ ಸರ್ಟಿಫಿಕೇಟ್ ಚೌಕಟ್ಟು ಹಾಕಿ ಗೋಡೆಯಲ್ಲಿದೆ. ಆದರೆ ಅದು ಕ್ಲಿನಿಕ್ ಇದೆ ಎಂಬುದಕ್ಕೆ ಸಾಕ್ಷಿ, ಇಲ್ಲಿ ಮಗುವಿಗೆ ಅರಿವಳಿಕೆ ಕೊಡಬಹುದು ಎಂಬುದಕ್ಕಲ್ಲ. ಅಮೆರಿಕದ ಹಾಗೆ ಡೆಂಟಿಸ್ಟಿಗೆ ಅರಿವಳಿಕೆಯ ಪ್ರತ್ಯೇಕ ಪರ್ಮಿಟ್ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಅರಿವಳಿಕೆ ತಜ್ಞರನ್ನೇ ಕರೆಸಬೇಕು. ಹೀಗಾಗಿ ಜಾಗ ಸರಿಯಿದೆಯೋ ಇಲ್ಲವೋ ಎಂಬ ತೀರ್ಪು ಬಹಳಷ್ಟು ಸಲ ಆ ಬಂದ ತಜ್ಞರ ಆತ್ಮಸಾಕ್ಷಿಯ ಮೇಲೆ ನಿಂತಿರುತ್ತದೆ. ನನ್ನ ಅದೃಷ್ಟಕ್ಕೆ ಬಂದವರು ಲಿಫ್ಟ್ ಅಳೆಯುವವರು. ಇದು ಅದೃಷ್ಟದ ವಿಷಯವಾಗಬಾರದಿತ್ತು, ಅಲ್ವಾ?

ಒಪ್ಪಿಗೆ ಪತ್ರದ ವಿಷಯದಲ್ಲೂ ಪೆಟ್ಟು ತಿಂದೆ. ನನ್ನ ಫಾರ್ಮ್ ಇಂಗ್ಲಿಷಿನಲ್ಲಿತ್ತು. ಹಲ್ಲು, ಅರಿವಳಿಕೆ ಎಲ್ಲ ಸೇರಿ ಒಂದೇ ಪುಟ, ಕೆಳಗೊಂದು ಸಹಿ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟ ಮಾಡಿದೆ. ಒಂದು ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲುವುದಿಲ್ಲ, ಜೀವ ಉಳಿಸುವ ತುರ್ತು ಇದ್ದರೆ ಬೇರೆ ಮಾತು. ಚಿಕಿತ್ಸೆ ಏನು, ಅಪಾಯ ಏನು, ಬೇರೆ ದಾರಿ ಏನಿದೆ ಎಂದು ತಿಳಿಸಿದ ಮೇಲೆ ಸಿಕ್ಕಿದ್ದೇ ಒಪ್ಪಿಗೆ. ಹುಡುಗನ ಅಜ್ಜಿಗೆ ಇಂಗ್ಲಿಷ್ ಬಾರದು, ತಾಯಿಗೆ ಅಷ್ಟಕ್ಕಷ್ಟೆ. ಆ ಸಹಿ ಯಾವುದಕ್ಕೆ ಬಿದ್ದಂತಾಯಿತು? ಈಗ ಕನ್ನಡದಲ್ಲಿ ಎರಡು ಬೇರೆ ಬೇರೆ ಪತ್ರ ಮಾಡಿಸಿದ್ದೇನೆ. ಓದಿ ಹೇಳಲು ಹದಿನೈದು ನಿಮಿಷ ಹಿಡಿಯುತ್ತದೆ. ಹಿಡಿಯಲಿ.

ತಂದೆಗೆ ಹೇಳುವುದು ಸುಲಭವಿರಲಿಲ್ಲ. ಟಿಕೆಟ್ ಮುಂದೂಡಲು ಕಂಪನಿ ಒಪ್ಪುವುದಿಲ್ಲ ಎಂದರು. ಬೇರೆ ಊರಲ್ಲಿ ಕ್ಲಿನಿಕ್ಕಿನಲ್ಲೇ ಮಾಡುತ್ತಾರಂತಲ್ಲ ಎಂದರು. ಹೌದು, ಮಾಡುತ್ತಾರೆ. ಪೂರ್ತಿ ಸಜ್ಜು ಇಟ್ಟುಕೊಂಡು ಚೆನ್ನಾಗಿ ಮಾಡುವವರೂ ಇದ್ದಾರೆ, ಅದನ್ನೂ ಹೇಳಿದೆ. ಅವರು ಫೋನಿನಲ್ಲಿ ಇನ್ನೊಂದು ಓದಿಕೊಂಡು ಬಂದಿದ್ದರು: ಅರಿವಳಿಕೆ ಕೊಟ್ಟರೆ ಮಕ್ಕಳ ಮಿದುಳಿಗೆ ಪೆಟ್ಟು ಎಂದು. ಅದರ ಮೂಲ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರ ಡಿಸೆಂಬರಿನಲ್ಲಿ ಕೊಟ್ಟ ಎಚ್ಚರಿಕೆ. ಅದು ಮೂರು ವರ್ಷದೊಳಗಿನ ಮಕ್ಕಳ ಬಗ್ಗೆ, ಅದೂ ಮೂರು ಗಂಟೆಗಿಂತ ಜಾಸ್ತಿ ಹೊತ್ತು ಅಥವಾ ಮತ್ತೆ ಮತ್ತೆ ಕೊಟ್ಟಾಗ. ಇವನಿಗೆ ನಾಲ್ಕೂವರೆ, ಕೆಲಸ ಎರಡು ಗಂಟೆಯೊಳಗೆ, ಒಂದೇ ಸಲ. ಅದನ್ನು ಕೇಳಿ ಅವರು ಸ್ವಲ್ಪ ಸಮಾಧಾನವಾದರು. ಕ್ಲಿನಿಕ್ಕಿನ ಮೇಲಿನ ಸಿಟ್ಟು ಮಾತ್ರ ಇಳಿಯಲಿಲ್ಲ.

ಕಾಯುವ ದಿನಗಳಿಗೆ ಒಂದಿಷ್ಟು ಕೆಲಸ ಮಾಡಿದೆವು. ಕೀವಿನ ಹಲ್ಲನ್ನು ಅಜ್ಜಿಯ ಮಡಿಲಲ್ಲೇ ಕೂರಿಸಿ ತೆರೆದು ಕೀವಿಗೆ ದಾರಿ ಮಾಡಿಕೊಟ್ಟೆ. ಎರಡು ನಿಮಿಷದ ಕೆಲಸ, ಇಡೀ ಮಾಳಿಗೆಗೆ ಕೇಳುವ ಅಳು. ನೋವಿಲ್ಲದ ಸಣ್ಣ ಹುಳುಕುಗಳಿಗೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಹಚ್ಚಿದೆ. ಶೇಕಡ 38ರ ದ್ರಾವಣ. ಡ್ರಿಲ್ ಬೇಡ, ಸೂಜಿ ಬೇಡ, ಹೆಚ್ಚಿನ ಸಲ ಹುಳುಕು ಅಲ್ಲಿಗೆ ನಿಲ್ಲುತ್ತದೆ. ಒಂದೇ ತೊಂದರೆ, ಹುಳುಕಿನ ಜಾಗ ಕಪ್ಪಾಗುತ್ತದೆ. ಮೊದಲೇ ಹೇಳಿದ್ದರೂ ಅಜ್ಜಿ ಮರುದಿನ ಬಂದು, "ಡಾಕ್ಟ್ರೇ, ಹಲ್ಲಿಗೆ ಮಸಿ ಬಳಿದದ್ದಾ?" ಎಂದರು.

ಆಸ್ಪತ್ರೆಯ ದಿನ ಬರುವ ಹೊತ್ತಿಗೆ ಶಾಲೆ ಶುರುವಾಗಿ, ಮಳೆ ಹಿಡಿದು, ಹುಡುಗನಿಗೆ ಶೀತ, ಕೆಮ್ಮು. ಇನ್ನೆರಡು ವಾರ ಮುಂದೆ ಹೋಯಿತು. ಶೀತವಿರುವ ಮಗುವಿನ ಉಸಿರಿನ ದಾರಿ ಮುಟ್ಟಿದರೆ ಮುನಿಯುತ್ತದೆ. ಅಪ್ಪ ಅಷ್ಟರಲ್ಲಿ ವಿಮಾನ ಹತ್ತಿದ್ದರು.

ಜುಲೈಯ ಒಂದು ಬೆಳಿಗ್ಗೆ, ಎಂಟು ಗಂಟೆಗೆ ಕೇಸ್. ಉಪವಾಸದ ಲೆಕ್ಕ ಕನ್ನಡದಲ್ಲಿ ಬರೆದು ಕೊಟ್ಟಿದ್ದೆವು. ತಿಳಿ ನೀರು ಎರಡು ಗಂಟೆ ಮೊದಲಿನವರೆಗೆ. ಹಸುವಿನ ಹಾಲು, ಹಗುರ ತಿಂಡಿಗೆ ಆರು ಗಂಟೆ. ಎಣ್ಣೆಯದ್ದು, ಮಾಂಸದ್ದು ಆದರೆ ಎಂಟು. ವಾರ್ಡಿನ ನರ್ಸ್ ತಾಯಿಯನ್ನು ಕೇಳಿದರು. ಏನೂ ಕೊಟ್ಟಿಲ್ಲ ಎಂದರು ತಾಯಿ. ಆಮೇಲೆ ಆ ನರ್ಸ್ ಹುಡುಗನ ಹತ್ತಿರ ಬಗ್ಗಿ, "ಬೆಳಿಗ್ಗೆ ಎಂತ ತಿಂದದ್ದು ಪುಟ್ಟ?" ಎಂದು ಕೇಳಿದರು.

"ಮಣ್ಣಿ."

ಐದೂವರೆಗೆ ಅಜ್ಜಿ ಒಂದು ಲೋಟ ರಾಗಿ ಮಣ್ಣಿ ಕುಡಿಸಿದ್ದರು. ಬೆಲ್ಲ, ತೆಂಗಿನ ಹಾಲು ಎಲ್ಲ ಹಾಕಿ. "ಮಣ್ಣಿ ಅಂದ್ರೆ ತಿಂಡಿಯಲ್ಲ ಅಲ್ವಾ? ನೀರಿನ ಹಾಗೇ ಉಂಟು. ಹಸಿದ ಮಗುವನ್ನು ಹಾಗೇ ಕಳಿಸುದು ಹೇಗೆ?" ಅವರ ಮೇಲೆ ಯಾರೂ ರೇಗಲಿಲ್ಲ. ತಪ್ಪು ನಮ್ಮ ಕಾಗದದ್ದು. ಅದರಲ್ಲಿ ಇಡ್ಲಿ, ದೋಸೆ, ಬಿಸ್ಕೆಟ್ ಎಂದು ಬರೆದಿದ್ದೆವು. ಮಣ್ಣಿ, ಗಂಜಿ, ಗಂಜಿತಿಳಿ ಎಂದು ಬರೆದಿರಲಿಲ್ಲ. ಹೊಟ್ಟೆಯಲ್ಲಿ ಮಣ್ಣಿ ಇರುವಾಗ ಅರಿವಳಿಕೆ ಕೊಟ್ಟಿದ್ದರೆ ಅದು ಮೇಲೆ ಬಂದು ಶ್ವಾಸನಾಳಕ್ಕೆ ಇಳಿಯಬಹುದಿತ್ತು. ಕೇಸನ್ನು ಹನ್ನೆರಡು ಗಂಟೆಗೆ ತಳ್ಳಿದರು.

ಥಿಯೇಟರಿನಲ್ಲಿ ಅದೇ ಹಿರಿಯ ಡಾಕ್ಟರು, ಅವರ ಜೊತೆ ಇನ್ನೊಬ್ಬ ಕಿರಿಯ ಅರಿವಳಿಕೆ ಡಾಕ್ಟರು, ಒಬ್ಬ ಟೆಕ್ನಿಷಿಯನ್. ಮಾಸ್ಕಿನಲ್ಲಿ ಅರಿವು ತಪ್ಪಿಸುವ ಸೆವೊಫ್ಲುರೇನ್ ಗ್ಯಾಸ್ ಕೊಟ್ಟರು, ಆಮೇಲೆ ಕೈಗೆ ಸೂಜಿ, ಮೂಗಿನಿಂದ ಟ್ಯೂಬ್. ನಮ್ಮ ಕೆಲಸದ ಕಷ್ಟವೇ ಇದು, ಉಸಿರಿನ ದಾರಿಯೂ ಕೆಲಸದ ಜಾಗವೂ ಒಂದೇ ಬಾಯಿ. ರಕ್ತ, ಹಲ್ಲಿನ ಚೂರು ಕೆಳಗಿಳಿಯದಂತೆ ಗಂಟಲಿಗೆ ಬಟ್ಟೆಯ ಪ್ಯಾಕ್ ಇಟ್ಟೆವು, ತುದಿ ಬಾಯಿಯ ಹೊರಗೆ. ಇಟ್ಟ ಕೂಡಲೇ ಗೋಡೆಯ ಬೋರ್ಡಿನಲ್ಲಿ "ಪ್ಯಾಕ್ ಒಳಗೆ" ಎಂದು ಬರೆದರು. ಮರೆತು ಒಳಗೇ ಉಳಿದ ಪ್ಯಾಕ್ ಟ್ಯೂಬ್ ತೆಗೆದ ಮೇಲೆ ಉಸಿರಿನ ದಾರಿಯನ್ನೇ ಮುಚ್ಚುತ್ತದೆ.

ಮರಗಟ್ಟಿಸುವ ಲಿಗ್ನೊಕೇನಿಗೂ ಲೆಕ್ಕ ಉಂಟು. ಮಕ್ಕಳಿಗೆ ನಾವು ಹಿಡಿಯುವ ಮಿತಿ ಕೆಜಿಗೆ 4.4 ಮಿಲಿಗ್ರಾಂ. 15 ಕೆಜಿಗೆ 66. ಶೇಕಡ 2ರ 1.8 ಮಿಲಿ ಕಾರ್ಟ್ರಿಜ್ಜಿನಲ್ಲಿ 36 ಮಿಲಿಗ್ರಾಂ ಇರುತ್ತದೆ. ಅಂದರೆ ಎರಡು ಪೂರ್ತಿ ಕಾರ್ಟ್ರಿಜ್ಜೂ ಇಲ್ಲ. ಒಂಬತ್ತು ಹಲ್ಲು ಎದುರಿಗಿರುವಾಗ ಕೈ ತಾನಾಗಿ ಮೂರನೆಯದಕ್ಕೆ ಹೋಗುತ್ತದೆ. ಟೆಕ್ನಿಷಿಯನ್ ಎಣಿಸುತ್ತಿದ್ದ.

ಎರಡು ಹಲ್ಲು ಕಿತ್ತೆ. ನಾಲ್ಕಕ್ಕೆ ಬೇರಿನ ಚಿಕಿತ್ಸೆ ಮಾಡಿ ಸ್ಟೀಲ್ ಕ್ಯಾಪ್ ಹಾಕಿದೆ. ಮೂರಕ್ಕೆ ಫಿಲ್ಲಿಂಗ್. ಒಂದು ಗಂಟೆ 40 ನಿಮಿಷ. ಪ್ಯಾಕ್ ತೆಗೆದು ತೋರಿಸಿದೆ, ಬೋರ್ಡಿನ ಬರಹ ಒರೆಸಿದರು. ಮಗು ಕಣ್ಣು ಮಿಟುಕಿಸಿತು, ಟ್ಯೂಬ್ ತೆಗೆದರು. ನಾನು ಗ್ಲವ್ಸ್ ಬಿಚ್ಚಲು ಶುರುಮಾಡಿದ್ದೆ.

ಮಗುವಿನ ಎದೆ ಒಳಕ್ಕೆ ಸೆಳೆಯಿತು. ಹೊಟ್ಟೆ ಮೇಲೆ ಕೆಳಗೆ ಆಗುತ್ತಿದೆ, ಆದರೆ ಶಬ್ದವೇ ಇಲ್ಲ. ಧ್ವನಿಪೆಟ್ಟಿಗೆ ಬಿಗಿದುಕೊಂಡು ಬಾಗಿಲು ಹಾಕಿತ್ತು. ಲ್ಯಾರಿಂಗೊಸ್ಪಾಸಂ. ಎಂಜಲೋ ಒಂದು ಹನಿ ರಕ್ತವೋ ಅಲ್ಲಿ ಬಿದ್ದರೆ ಸಾಕು. ಶೀತದಿಂದ ಎದ್ದ ಮಕ್ಕಳಲ್ಲಿ ಇದು ಜಾಸ್ತಿ. ನಾನು ಮಾನಿಟರ್ ನೋಡಿದೆ. ಆಕ್ಸಿಜನ್ 97, ಬೀಪ್ ಬೀಪ್ ಎಂದು ಸಮಾಧಾನದಲ್ಲೇ ಇತ್ತು. ಅದರ ಕೆಳಗಿನ ಕ್ಯಾಪ್ನೋಗ್ರಾಫ್ ಗೆರೆ ಮಾತ್ರ ಅಡ್ಡಕ್ಕೆ ಮಲಗಿತ್ತು.

ಹಿರಿಯರು ಆಗಲೇ ಎರಡೂ ಕೈಯಲ್ಲಿ ದವಡೆ ಮುಂದಕ್ಕೆ ಎತ್ತಿ ಮಾಸ್ಕ್ ಒತ್ತಿ ಹಿಡಿದಿದ್ದರು. ಕಿರಿಯರು ಬ್ಯಾಗ್ ಹಿಡಿದು ಪೂರ್ತಿ ಆಕ್ಸಿಜನ್ನನ್ನು ಒತ್ತಡದಲ್ಲಿ ಕೊಡುತ್ತಿದ್ದರು. ಟೆಕ್ನಿಷಿಯನ್ ಹೇಳಿಸಿಕೊಳ್ಳದೆ ಪ್ರೊಪೊಫಾಲ್ ಸಿರಿಂಜ್ ಕೈಗೆ ಸಿಗುವಂತೆ ಇಟ್ಟ, ಆ ಬಿಗಿತ ಸಡಿಲಿಸುವ ಅರಿವಳಿಕೆ ಔಷಧ ಅದು. 97 ಈಗ 92. ಆಮೇಲೆ 86. ಬೀಪಿನ ದನಿ ದಪ್ಪಗಾಗುತ್ತಾ ಹೋಯಿತು. ಸ್ವಲ್ಪ ಪ್ರೊಪೊಫಾಲ್ ಕೊಟ್ಟರು. 81. ಆಗ ಬ್ಯಾಗ್ ಮೆತ್ತಗಾಯಿತು, ಎದೆ ಎದ್ದಿತು, ಗೆರೆಯಲ್ಲಿ ಒಂದು ದಿಬ್ಬ ಮೂಡಿತು. ಇನ್ನೊಂದು. ಯಾರೂ ಜೋರಾಗಿ ಮಾತಾಡಲಿಲ್ಲ. ಗಡಿಯಾರದಲ್ಲಿ ಒಂದು ನಿಮಿಷವೂ ಆಗಿರಲಿಲ್ಲ.

ಆರು ಕೈಗಳು ಕೆಲಸ ಮಾಡಿದ್ದವು. ಅರ್ಧ ಬಿಚ್ಚಿದ ಗ್ಲವ್ಸಿನಲ್ಲಿ ನಿಂತಿದ್ದ ನನ್ನವು ಅದರಲ್ಲಿ ಸೇರಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಕ್ಯಾಲೆಂಡರಿನ ಹಿಂದಿನ ಮೊಳೆ, ಆ ಕೀಲಿ, ಒಂದು ನಿಮಿಷ 50 ಸೆಕೆಂಡು.

ರಿಕವರಿಯಲ್ಲಿ ಒಬ್ಬ ನರ್ಸ್ ಅವನಿಗಾಗಿಯೇ ಕೂತಿದ್ದರು. ಕೈಕಾಲಿನ ಚಲನೆ, ಉಸಿರು, ರಕ್ತದೊತ್ತಡ, ಎಚ್ಚರ, ಆಕ್ಸಿಜನ್, ಐದಕ್ಕೂ ಅಂಕ ಹಾಕುತ್ತಾರೆ. ಹತ್ತರಲ್ಲಿ ಒಂಬತ್ತು ಬಂದ ಮೇಲೆ ವಾರ್ಡಿಗೆ. ಸಂಜೆ ಎಳನೀರು ಕುಡಿದು, ವಾಂತಿಯಿಲ್ಲ ಎಂದಾದ ಮೇಲೆ ಮನೆಗೆ. ಏನಾಯಿತು ಎಂದು ತಾಯಿಗೆ ಹಿರಿಯರೇ ಕೂತು ಹೇಳಿದರು, ಮುಚ್ಚಿಡಲಿಲ್ಲ. ರಾತ್ರಿ ತಂದೆಯ ಫೋನ್ ಬಂತು. ಬಹಳ ಹೊತ್ತು ಸುಮ್ಮನಿದ್ದು, "ನಿಮ್ಮ ಕ್ಲಿನಿಕ್ಕಿನಲ್ಲಿ ಆಗಿದ್ದರೆ?" ಎಂದು ಕೇಳಿದರು. ನಮ್ಮಲ್ಲಿಂದ ಮಣಿಪಾಲಕ್ಕೆ ಐದಾರು ಕಿಲೋಮೀಟರ್, ನಡುವೆ ಕಲ್ಸಂಕದ ಟ್ರಾಫಿಕ್. ದೂರದ ಲೆಕ್ಕ ಹೇಳಿ ಪ್ರಯೋಜನವಿರಲಿಲ್ಲ. ಗೊತ್ತಿಲ್ಲ ಎಂದೆ.

ಕ್ಲಿನಿಕ್ಕಿನಲ್ಲಿ ಕೆಲವು ಬದಲಾದವು. ಎರಡು ಸಿಲಿಂಡರ್, ಕೀಲಿ ಸರಪಳಿಯಲ್ಲಿ ಅಲ್ಲಿಯೇ. ಮಕ್ಕಳ ಅಳತೆಯ ಮೂರು ಮಾಸ್ಕ್, ಕರೆಂಟಿಲ್ಲದೆ ಕಾಲಲ್ಲಿ ತುಳಿದು ನಡೆಸುವ ಸಕ್ಷನ್. ಇಬ್ಬರು ಸಹಾಯಕಿಯರೂ ನಾನೂ ಜೀವರಕ್ಷಣೆಯ ತರಬೇತಿ ಮುಗಿಸಿದೆವು. ಎದೆ ಒತ್ತುವಾಗ ಡೆಂಟಲ್ ಕುರ್ಚಿಯ ಬೆನ್ನು ಜಗ್ಗುತ್ತದೆ, ಕೆಳಗೆ ಸ್ಟೂಲ್ ಕೊಡಬೇಕು ಎಂದು ನನಗೆ ಗೊತ್ತಾದದ್ದೇ ಅಲ್ಲಿ. ಇದೆಲ್ಲ ಎಚ್ಚರವಿರುವ ಮಕ್ಕಳಿಗಾಗಿ. ಅರಿವಳಿಕೆ ಇಲ್ಲಿ ಕೊಡುವುದಿಲ್ಲ. ಲಿಫ್ಟ್ ಅಷ್ಟೇ ಇದೆ.

ಆಗಾಗ ಫೋನ್ ಬರುತ್ತದೆ, ಬೇರೆ ಕಡೆ ಕ್ಲಿನಿಕ್ಕಿನಲ್ಲೇ ಮಾಡಿಕೊಡುತ್ತೇವೆ ಅಂದಿದ್ದಾರೆ, ಹೋಗಬಹುದಾ ಎಂದು. ಹೋಗಬೇಡಿ ಎನ್ನುವುದಿಲ್ಲ. ಅರಿವಳಿಕೆ ಕೊಡುವವರು ಯಾರು, ಹಲ್ಲು ಮುಗಿಯುವವರೆಗೂ ಅವರು ಮಗುವಿನ ಹತ್ತಿರವೇ ಇರುತ್ತಾರಾ ಎಂದು ಕೇಳಿ ಎನ್ನುತ್ತೇನೆ. ಉಸಿರಿನ ಅಲೆ ತೋರಿಸುವ ಯಂತ್ರ ಉಂಟಾ, ಎದ್ದ ಮೇಲೆ ಮಗು ಎಲ್ಲಿ ಮಲಗುತ್ತದೆ, ಪಕ್ಕದಲ್ಲಿ ಯಾರು ಕೂರುತ್ತಾರೆ, ತುರ್ತಿಗೆ ಯಾವ ಆಸ್ಪತ್ರೆ ಜೊತೆ ಮಾತಾಗಿದೆ ಎಂದೂ ಕೇಳಿ. ಕೇಳಿದ್ದಕ್ಕೆ ಸಿಡುಕಿದರೆ ಅದೂ ಒಂದು ಉತ್ತರವೇ. ನಾನೂ ಸಿಡುಕಿದ್ದೆನಲ್ಲ.

ಹುಡುಗ ಮೂರು ತಿಂಗಳ ನಂತರ ಚೆಕಪ್‌ಗೆ ಬಂದ. ರಾತ್ರಿ ಬೆಲ್ಲದ ಹಾಲು ನಿಂತಿದೆ, ಹಲ್ಲುಜ್ಜಿಸುವ ಕೆಲಸ ಅಜ್ಜಿಯದ್ದು. ಕುರ್ಚಿ ಹತ್ತಲು ಇನ್ನೂ ಒಪ್ಪಲಿಲ್ಲ, ಅಜ್ಜಿಯ ಮಡಿಲಲ್ಲೇ ಬಾಯಿ ತೆರೆದ. ಎಣಿಸುವಷ್ಟು ಹೊತ್ತು ಬಿಟ್ಟ, ಕಚ್ಚಲಿಲ್ಲ. ತಾಯಿ ವಿಡಿಯೋ ಕಾಲ್ ಹಚ್ಚಿದರು. ಅವನು ಫೋನ್ ಕಸಿದುಕೊಂಡು ಬಾಯಿಗೇ ಹಿಡಿದ. ಆಚೆಯಿಂದ ಅಪ್ಪನ ದನಿ ಕೇಳಿಸಿತು: "ಸ್ವಲ್ಪ ದೂರ ಹಿಡಿ ಮಾರಾಯ, ಬರೀ ಸ್ಟೀಲ್ ಕಾಣ್ತದೆ."